ಒಂಬತ್ತರ ಜೋಡಿಗೆ ಎರಡು ತಟ್ಟು

ನಮ್ಮ ಡಿಪೋದಲ್ಲಿ ರಾತ್ರಿ ಬಸ್ಸು ಓಡಿಸುತ್ತಿದ್ದ ಜೋಡಿ ಎಂಬುವನಿಗೆ ಮದುವೆಯಾಗಿ ಎರಡನೇ ವರ್ಷ ನಡೆಯುತ್ತಿತ್ತು. ಹೆಂಡತಿಯ ಧ್ವನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಅವನಿಗೆ ನೆನಪಿಗೆ ಬರುತ್ತಿದ್ದದ್ದು ಆಕಳಿಕೆ ಮಾತ್ರ. ಅವಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಹಗಲು ಪಾಳಿ. ಇವನು ಬಸ್ಸು ನಿಲ್ಲಿಸಿ ಮನೆಗೆ ಬರುವಾಗ ಅವಳು ಚಪ್ಪಲಿ ಮೆಟ್ಟುತ್ತಿರುತ್ತಿದ್ದಳು. ಅವಳು ಬರುವಾಗ ಇವನು ಷರಟಿನ ಗುಂಡಿ ಹಾಕುತ್ತಿರುತ್ತಿದ್ದ. ಅವಳ ರಜೆ ಭಾನುವಾರ, ಇವನದು ಮಂಗಳವಾರ. ಒಂದು ದಿನ ರಸ್ತೆಯಲ್ಲಿ ಇಬ್ಬರೂ ಎದುರಾದಾಗ ಇವನು ಎಲ್ಲೋ ನೋಡಿದ ಮುಖ ಎಂದು ಕೈ ಮುಗಿದನಂತೆ, ಅವಳು "ಮನೆಯಲ್ಲಿ ಎಲ್ಲಾ ಸೌಖ್ಯನಾ?" ಎಂದು ಕೇಳಿ ಮುಂದಕ್ಕೆ ಹೋದಳಂತೆ. ಸುಳ್ಳು ಎನ್ನುವವರು ಡಿಪೋಗೆ ಬಂದು ವಿಚಾರಿಸಬಹುದು.

ಆದ್ದರಿಂದ ಜೋಡಿಗೆ ಹಗಲಿನ ರೂಟು ಬೇಕಿತ್ತು. ಊಟ ನಿದ್ದೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುವಂಥ ಆರಾಮದ ರೂಟು ನಮ್ಮಲ್ಲಿ ಇದ್ದದ್ದು ಒಂದೇ ಒಂದು. ಅದು ಯಾರಿಗೆ ಎಂದು ವರ್ಷಕ್ಕೊಮ್ಮೆ ತೀರ್ಮಾನವಾಗಬೇಕು. ಮೊದಲು ಹಿರಿತನ ನೋಡಿ ಕೊಡುತ್ತಿದ್ದರು. ಆಗ ಪ್ರತಿಯೊಬ್ಬನೂ ತಾನು ಹುಟ್ಟುವ ಮುಂಚೆಯೇ ಕೆಲಸಕ್ಕೆ ಸೇರಿದ್ದೆ ಎಂದು ವಾದಿಸತೊಡಗಿದ. ಆಮೇಲೆ ಚೀಟಿ ಎತ್ತಿದರು. ಚೀಟಿ ನುಂಗಿದವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೊನೆಗೆ ಕಂಟ್ರೋಲರ್ ಸಾಹೇಬರು ತಲೆ ಚಚ್ಚಿಕೊಂಡು, "ಹೆಂಗೂ ಡ್ಯೂಟಿ ಬಿಟ್ಟು ಇಸ್ಪೀಟೇ ಆಡ್ತೀರಲ್ಲ, ಅದರಲ್ಲೇ ಹೊಡೆದಾಡ್ಕೊಂಡು ಸಾಯಿರಿ" ಎಂದರು. ಅಂದಿನಿಂದ ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಪೋಕರ್ ಪಂದ್ಯ. ಗೆದ್ದವನಿಗೆ ಹಗಲಿನ ರೂಟು.

ಆಟ ಸರಳ. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ ಸಿಗುತ್ತದೆ. ಆಮೇಲೆ ನಡುವೆ ಮೂರು ಎಲೆ ಒಟ್ಟಿಗೆ ಮಗುಚುತ್ತಾರೆ. ಅದಕ್ಕೆ ಫ್ಲಾಪ್ ಎನ್ನುತ್ತಾರೆ. ಆಮೇಲೆ ನಾಲ್ಕನೆಯದು, ಐದನೆಯದು. ಕೈಯಲ್ಲಿರುವುದನ್ನೂ ನಡುವಿರುವುದನ್ನೂ ಸೇರಿಸಿ ಯಾರದು ದೊಡ್ಡದೋ ಅವರು ಗೆದ್ದರು. ಪಣಕ್ಕೆ ಚಕ್ರದ ನಟ್ಟುಗಳು. ಎದುರಿನವನು ಹಾಕಿದಷ್ಟು ಹಾಕಿ ಹಿಡಿಯಬೇಕು, ಇಲ್ಲವೇ ಎಲೆ ಎಸೆಯಬೇಕು, ಎಲ್ಲರೂ ಎಸೆದರೆ ಉಳಿದವನದೇ ರಾಶಿ. ಎಲ್ಲರಿಗೂ ಸಮ ರಾಶಿ, ಕಳೆದುಕೊಂಡವನು ಎದ್ದು ಹೋಗಬೇಕು, ಮತ್ತೆ ಕೇಳುವ ಹಾಗಿಲ್ಲ. ಮೇಜು ಎಂದರೆ ನಾಲ್ಕು ಟೈರಿನ ಮೇಲೆ ಮಲಗಿಸಿದ ಹಳೇ ಬಸ್ಸಿನ ತಗಡು. ಆದ್ದರಿಂದ ಸನ್ನೆಯೂ ಬಸ್ಸಿನದೇ. ತಗಡಿಗೆ ಒಂದು ಸಲ ತಟ್ಟಿದರೆ ನಿಂತೆ, ಏನೂ ಹಾಕುವುದಿಲ್ಲ ಎಂದು ಅರ್ಥ. ಎರಡು ಸಲ ತಟ್ಟಿದರೆ ರೈಟ್ ರೈಟ್, ಇದ್ದಬದ್ದ ನಟ್ಟೆಲ್ಲ ನಡುವೆ. ತಟ್ಟಿದ ಮೇಲೆ ದೇವರೇ ಬಂದರೂ ವಾಪಸು ತೆಗೆಯುವಂತಿಲ್ಲ.

ಜೋಡಿ ಎಂಬ ಹೆಸರು ಬಂದದ್ದೂ ಈ ಆಟದಿಂದಲೇ. ಕೈಯಲ್ಲಿ ಒಂದೇ ಥರದ ಎರಡು ಎಲೆ ಬಂದರೆ ಅವನು ಜೀವ ಹೋದರೂ ಬಿಡುತ್ತಿರಲಿಲ್ಲ. ರಾಜರ ಜೋಡಿ, ಎಕ್ಕದ ಜೋಡಿ ಬಂದರೆ ಸರಿ. ಇವನಿಗೆ ಬರುತ್ತಿದ್ದದ್ದು ಆರು, ಏಳು, ಎಂಟು, ಒಂಬತ್ತು. ಅತ್ತ ದೊಡ್ಡದಲ್ಲ, ಇತ್ತ ಎಸೆಯುವಂಥದ್ದೂ ಅಲ್ಲ. ಹಿಂದಿನ ವರ್ಷ ಏಳರ ಜೋಡಿ ಹಿಡಿದಿದ್ದಾಗ ನಡುವೆ ಎಕ್ಕ, ರಾಜ, ರಾಣಿ ಮೂವರೂ ಬಂದು ಕಾಲ ಮೇಲೆ ಕಾಲು ಹಾಕಿ ಕೂತರು. ಎದುರು ನಾಲ್ಕು ಜನ ನಟ್ಟು ಸುರಿಯುತ್ತಿದ್ದರು. ಇವನೂ ಸುರಿದ. "ಗಂಡ ಹೆಂಡ್ತಿ ಇದ್ದಂಗೆ ಕಣ್ರೋ, ಜೋಡೀನ ಬೇರೆ ಮಾಡಬಾರದು" ಎನ್ನುತ್ತಲೇ ಎದ್ದು ರಾತ್ರಿ ಬಸ್ಸು ಹತ್ತಿದ.

ಈ ವರ್ಷ ಅವನ ಅತ್ತೆ ಟೊಂಕ ಕಟ್ಟಿ ನಿಂತರು. ಅತ್ತೆ ಎಂದರೆ ಸಾಮಾನ್ಯ ಹೆಂಗಸಲ್ಲ, ರಿಟೈರಾದ ಟಿಕೆಟ್ ಚೆಕಿಂಗ್ ಅಧಿಕಾರಿ. ಅವರು ಬಸ್ಸು ಹತ್ತಿದರೆ ಟಿಕೆಟ್ ಇದ್ದವರೂ ಹೆದರಿ ಇನ್ನೊಂದು ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಎಲೆ ಹರಡಿ ಅಳಿಯನನ್ನು ಕೂರಿಸಿಕೊಂಡರು.

"ಅಳಿಯಂದಿರೇ, ಎಂಟರ ಜೋಡಿ ಅಂದ್ರೆ ಏನು?"

"ಜೋಡಿ ಅತ್ತೆ."

"ನಿಮ್ಮ ತಲೆ. ಅದು ಸೀಟಿನ ಮೇಲೆ ಹಾಕಿದ ಟವೆಲ್ಲು. ಫ್ಲಾಪ್ ಅಂದ್ರೆ ಬಸ್ಸಿನ ಬಾಗಿಲು ತೆಗೆದಂಗೆ. ಯಾರು ಹತ್ತಿದ್ರು ನೋಡ್ಬೇಕು. ಎಲ್ಲಾ ಸಣ್ಣ ಮಕ್ಕಳೇ ಹತ್ತಿದ್ರೆ ಸೀಟು ನಿಮ್ದು. ಆವಾಗ ಸುಮ್ನೆ ಕೂರಬಾರದು, ಜೋರು ಮಾಡಿ ಟಿಕೆಟ್ ಹರೀಬೇಕು. ಪುಕ್ಕಟೆ ಮುಂದಿನ ಸ್ಟಾಪಿಗೆ ಕರ್ಕೊಂಡು ಹೋದ್ರೆ ಅಲ್ಲಿ ಯಾವನು ಹತ್ತುತಾನೋ ಯಾರಿಗೆ ಗೊತ್ತು?"

"ರಾಜ, ಗುಲಾಮ ಹತ್ತಿದ್ರೆ?"

"ಟವೆಲ್ಲು ಎತ್ಕೊಂಡು ಮರ್ಯಾದೆಯಿಂದ ಎದ್ದು ನಿಲ್ಲಿ."

"ಇನ್ನೊಂದು ಎಂಟೇ ಹತ್ತಿದ್ರೆ?"

"ಆವಾಗ ಡ್ರೈವರ್ ಸೀಟೇ ನಿಮ್ದು."

"ಒಬ್ಬನೇ ದೊಡ್ಡೋನು ಹತ್ತಿದ್ರೆ ಅತ್ತೆ?"

ಅತ್ತೆ ಹರಡಿದ ಎಲೆಗಳಿಂದ ಒಂದು ರಾಜನನ್ನು ಎತ್ತಿ ಹಿಡಿದರು. "ಅದೇ ಕಷ್ಟ. ಆ ಒಬ್ಬ ಎದುರಿನವನ ನೆಂಟನೋ, ಸುಮ್ನೆ ದಾರೀಲಿ ಹತ್ತಿದವನೋ ಅಂತ ತಿಳ್ಕೋಬೇಕು. ಮೊದಲು ಒಂದು ತಟ್ಟು ತಟ್ಟಿ, ಸುಮ್ನೆ ನೋಡಿ. ನಡುವಿನ ರಾಶಿ ಸಣ್ಣದಾಗಿರಲಿ. ಎರಡು ತಟ್ಟಿದ್ರೆ ನನ್ನ ಮಗಳಿಗೆ ಬೇರೆ ಗಂಡು ನೋಡ್ತೀನಿ."

ಪಂದ್ಯದ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಕಂಬಿಗಳಿಗೂ ಜನ ಜೋತು ಬಿದ್ದಿದ್ದರು. ಆಟಗಾರರು ಹರಿದ ಬಸ್ಸಿನ ಸೀಟುಗಳ ಮೇಲೆ ಕೂತಿದ್ದರು. ಎಲೆ ಹಂಚುವವರು ಕಂಟ್ರೋಲರ್ ಸಾಹೇಬರು. ನೋಡುವವರು ಬಾಯಿ ತೆರೆದರೆ ಆಚೆಗೆ ಎಂದು ಅವರು ಮೊದಲೇ ಗದರಿದ್ದರು. ಜೋಡಿಯ ಬೆನ್ನ ಹಿಂದೆ ಬೆಂಚಿನ ಮೇಲೆ ಅತ್ತೆ, ಅತ್ತೆಯ ಪಕ್ಕ ಹೆಂಡತಿ. ಅವಳ ಕೂದಲಿನಿಂದ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಅವಳು ಅಷ್ಟು ಹತ್ತಿರದಲ್ಲಿ, ಅದೂ ಎಚ್ಚರವಾಗಿ ಕೂತಿದ್ದದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. ಜೋಡಿಯ ಕಿವಿ ಕೆಂಪಗಾಗಿತ್ತು.

"ಲೋ ಜೋಡಿ, ಹಿಂದೆ ತಿರುಗಬೇಡ್ವೋ, ಆಕ್ಸಿಡೆಂಟ್ ಆಗುತ್ತೆ" ಎಂದ ಟೈರ್ ಅಣ್ಣ. ಅವನ ಹೊಟ್ಟೆ ಟೈರಿನಂತಿತ್ತು, ಹಗಲಿನ ರೂಟಿಗಾಗಿ ಅವನೂ ಕೂತಿದ್ದ.

ಎದುರಿಗೆ ಸೈಲೆನ್ಸರ್. ಸತತ ಮೂರು ವರ್ಷ ಗೆದ್ದು ಹಗಲಿನ ರೂಟು ಇಟ್ಟುಕೊಂಡವನು. ಅವನು ಮಾತಾಡಿದ್ದನ್ನು ಕೇಳಿದವರು ಡಿಪೋದಲ್ಲಿ ಇರಲಿಲ್ಲ. ಹಾರ್ನ್ ಕೂಡ ಹೊಡೆಯುತ್ತಿರಲಿಲ್ಲ, ದನ ಅಡ್ಡ ಬಂದರೆ ದಿಟ್ಟಿಸಿ ನೋಡುತ್ತಿದ್ದ, ದನ ನಾಚಿ ಪಕ್ಕಕ್ಕೆ ಹೋಗುತ್ತಿತ್ತು.

ಆಟ ಶುರುವಾಗಿ ಇನ್ನೂ ಟೀ ಆರಿರಲಿಲ್ಲ, ಜೋಡಿಗೆ ಎಂಟರ ಜೋಡಿ ಬಂತು. ನಟ್ಟು ಹಾಕಿದ. ಟೈರ್ ಅಣ್ಣನೂ ಸೈಲೆನ್ಸರ್ರೂ ಸಮಕ್ಕೆ ಹಾಕಿದರು. ಸಾಹೇಬರು ಮೂರು ಎಲೆ ಮಗುಚಿದರು. ರಾಜ, ಗುಲಾಮ, ನಾಲ್ಕು.

ಸೈಲೆನ್ಸರ್ ಮೂರ್ನಾಲ್ಕು ನಟ್ಟು ತಳ್ಳಿದ. ಟೈರ್ ಅಣ್ಣ ಅದರ ಎರಡರಷ್ಟು ಸುರಿದ. ಎಲ್ಲರೂ ಜೋಡಿಯನ್ನು ನೋಡಿದರು. ಅವನು ಎಂಟುಗಳನ್ನು ಎದೆಗೆ ಅವಚಿಕೊಂಡು ಕೂತ. ಹಿಂದಿನಿಂದ ಅತ್ತೆಯ ಉಸಿರು ಪ್ರೆಷರ್ ಕುಕ್ಕರಿನಂತೆ ಕೇಳುತ್ತಿತ್ತು. ಜೋಡಿ ಕಣ್ಣು ಮುಚ್ಚಿ ಎಲೆಗಳನ್ನು ತಲೆಕೆಳಗಾಗಿ ಮುಂದಕ್ಕೆ ತಳ್ಳಿದ.

"ಬಿಟ್ಟನಾ? ಜೋಡಿ ಬಿಟ್ಟನಾ?" ಕಿಟಕಿಯಲ್ಲಿದ್ದವನೊಬ್ಬ ಕಂಬಿ ಬಿಟ್ಟು ಕೆಳಗೆ ಬಿದ್ದ.

ನಾಲ್ಕನೇ ಎಲೆ ಬಂತು. ಎಂಟು!

ಜೋಡಿಯ ಗಂಟಲಿನಿಂದ ಪಂಕ್ಚರ್ ಆದ ಟ್ಯೂಬಿನ ಸದ್ದು ಹೊರಟಿತು. ಬಿಡದೆ ಇದ್ದಿದ್ದರೆ ಮೂರು ಎಂಟು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ತಿರುಗಿ ಅತ್ತೆಯ ಮುಖ ನೋಡಿದ ರೀತಿ ಹೇಗಿತ್ತೆಂದರೆ, ಅತ್ತೆಯೇ ಮೊದಲ ಸಲ ಕಣ್ಣು ತಪ್ಪಿಸಿದರು. ಟೈರ್ ಅಣ್ಣ ಉಬ್ಬಿಹೋಗಿ ಎರಡು ತಟ್ಟಿದ. ಸೈಲೆನ್ಸರ್ ತಲೆಯಾಡಿಸಿ ತನ್ನ ಎಲೆ ತೋರಿಸಿದ. ಅವನ ಕೈಯಲ್ಲಿ ಎರಡು ರಾಜ, ನಡುವೆ ಒಂದು. ಮೂರು ರಾಜರು. ಹಿಡಿದಿದ್ದರೆ ಎಂಟುಗಳೂ ಸಾಯುತ್ತಿದ್ದವು, ಜೋಡಿಯೂ ಸಾಯುತ್ತಿದ್ದ. ಸತ್ತದ್ದು ಟೈರ್ ಅಣ್ಣ.

"ಏನೋ ಜೋಡಿ, ನಿನಗೆ ಬುದ್ಧಿ ಬಂದು ನನಗೆ ಹೋಯ್ತಲ್ಲೋ" ಎಂದು ಅವನು ಹೊಟ್ಟೆ ಹೊತ್ತುಕೊಂಡು ಎದ್ದ.

ಅಲ್ಲಿಂದ ಜೋಡಿ ಬೇರೆಯೇ ಮನುಷ್ಯನಾದ. ಐದರ ಜೋಡಿ ಎಸೆದ. ಆಮೇಲೆ ಒಂಬತ್ತರದನ್ನೂ ಎಸೆದ. ಆರರ ಜೋಡಿಗೆ ಫ್ಲಾಪಿನಲ್ಲೇ ಮೂರನೇ ಆರು ಹತ್ತಿದಾಗ ಮುಖವನ್ನು ಅಂಬಲಿಯಂತೆ ಸಪ್ಪಗೆ ಇಟ್ಟುಕೊಂಡು ಇಬ್ಬರ ನಟ್ಟು ಗುಡಿಸಿದ. ಹೊತ್ತು ಹೋದಂತೆ ಪ್ರತಿ ಆಟಕ್ಕೆ ಮೊದಲೇ ಹಾಕಬೇಕಾದ ನಟ್ಟು ಏರುತ್ತಾ ಹೋಯಿತು. ಸುಮ್ಮನೆ ಕೂತರೆ ರಾಶಿ ಕರಗುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಕೊನೆಗೆ ಉಳಿದದ್ದು ಇಬ್ಬರು: ಜೋಡಿ, ಸೈಲೆನ್ಸರ್. ಸೈಲೆನ್ಸರ್ ಮುಂದೆ ಬೆಟ್ಟ, ಜೋಡಿಯ ಮುಂದೆ ಅದಕ್ಕಿಂತ ಒಂದೇ ಹಿಡಿ ಸಣ್ಣ ಬೆಟ್ಟ.

ಈಗ ಕೋಣೆಯಲ್ಲಿ ನೊಣ ಕೂಡ ಕಾಲುಬೆರಳ ಮೇಲೆ ನಡೆಯುತ್ತಿತ್ತು.

ಸಾಹೇಬರು ಹಂಚಿದರು. ಜೋಡಿ ಮೂಲೆ ಎತ್ತಿ ನೋಡಿದ. ಒಂಬತ್ತು. ಇನ್ನೊಂದು ಮೂಲೆ. ಒಂಬತ್ತು. ಒಂದು ಹಿಡಿ ನಟ್ಟು ಹಾಕಿದ, ಸೈಲೆನ್ಸರ್ ಸಮ ಮಾಡಿದ. ಫ್ಲಾಪ್ ಬಿತ್ತು. ರಾಣಿ, ಏಳು, ಮೂರು.

ಒಬ್ಬಳೇ ಹತ್ತಿದ್ದಳು. ಯಾರ ನೆಂಟಳೋ?

ಮೊದಲ ಮಾತು ಜೋಡಿಯದು. ಅತ್ತೆ ಹೇಳಿದ್ದು ಅವನಿಗೆ ಅಕ್ಷರ ಅಕ್ಷರ ನೆನಪಿತ್ತು. ಒಂದು ತಟ್ಟಬೇಕು, ಸುಮ್ಮನೆ ನೋಡಬೇಕು. ಅವನು ಕೈ ಎತ್ತಿದ, ತಗಡಿಗೆ ಒಂದು ತಟ್ಟಿದ. ಅದೇ ಗಳಿಗೆಯಲ್ಲಿ ಟೀ ತಂದವನು ಒಳಗೆ ಬಂದು ಕೋಣೆಯ ಬಾಗಿಲನ್ನು ಧಡ್ ಎಂದು ಹಾಕಿದ.

ಇಲ್ಲಿ ಒಂದು ಮಾತು ಹೇಳಬೇಕು. ಜೋಡಿ ಡ್ರೈವರ್ ಆಗುವ ಮುಂಚೆ ಬಹಳ ವರ್ಷ ಕಂಡಕ್ಟರ್ ಆಗಿದ್ದ. ಕಂಡಕ್ಟರ್ ಕೈಗೆ ಮೆದುಳು ಬೇಕಿಲ್ಲ. ಬಾಗಿಲು ಹಾಕಿದ ಸದ್ದು ಕೇಳಿದರೆ ಅದು ತಾನಾಗಿ ತಗಡಿಗೆ ಬಡಿಯುತ್ತದೆ. ಜೋಡಿ ನಿದ್ದೆಯಲ್ಲೂ ಪಕ್ಕದ ಮನೆಯವರು ಬಾಗಿಲು ಹಾಕಿದರೆ ಗೋಡೆಗೆ ಬಡಿದು ಬಡಿದು ಸುಣ್ಣ ಉದುರಿಸಿದ್ದ.

ಕೈ ಇನ್ನೊಂದು ತಟ್ಟಿತು.

"ಎರಡು ಬಿತ್ತು!" ಸಾಹೇಬರ ಧ್ವನಿ. "ರೈಟ್! ಎಲ್ಲಾ ನಡುವೆ!"

ಜೋಡಿ ತನ್ನ ಕೈಯನ್ನು ನೋಡಿದ. ಯಾರದೋ ಕೈ ತನ್ನ ತೋಳಿಗೆ ಅಂಟಿದ ಹಾಗಿತ್ತು. ಸಾಹೇಬರೇ ತಪ್ಪಾಯ್ತು ಎನ್ನಲು ಬಾಯಿ ತೆರೆದ, ಆದರೆ ನಿಯಮ ಎಂದರೆ ನಿಯಮ. ಬಾಯಿ ತೆರೆದದ್ದು ಕಾಣಬಾರದೆಂದು ಅದನ್ನು ಆಕಳಿಕೆಯನ್ನಾಗಿ ಮಾಡಿದ. ಹಿಂದೆ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು ನಿಂತಿದ್ದರು. ಹೆಂಡತಿ ಅವರ ಸೆರಗು ಹಿಡಿದು ಕೂರಿಸಿದಳು.

ಸೈಲೆನ್ಸರ್ ತನ್ನ ಎಲೆಗಳನ್ನು ಎತ್ತಿ ನೋಡಿದ. ಇಟ್ಟ. ಜೋಡಿಯ ಮುಖ ನೋಡಿದ. ಮತ್ತೆ ಎತ್ತಿದ. ಆ ಮನುಷ್ಯನ ಹಣೆಯಲ್ಲಿ ಬೆವರು ಕಂಡದ್ದು ಅಂದೇ ಮೊದಲು. ಜೋಡಿ ಕಣ್ಣಿಗೆ ಕಣ್ಣು ಕೊಡಲಾರದೆ ನಡುವಿನ ರಾಣಿಯನ್ನೇ ದಿಟ್ಟಿಸಿದ. ಮದುವೆಯ ಗಂಡು ಹೆಣ್ಣನ್ನು ನೋಡುವ ಹಾಗೆ ನೋಡಿದ. ಎಷ್ಟು ಹೊತ್ತು ಕಳೆಯಿತೆಂದರೆ, ತಂದ ಟೀ ಕೆನೆ ಕಟ್ಟಿತು, ಕೆನೆಯ ಮೇಲೆ ನೊಣ ಕೂತು ಎದ್ದು ಹೋಯಿತು, ಯಾರೂ ಲೋಟ ಮುಟ್ಟಲಿಲ್ಲ.

ಕೊನೆಗೆ ಸೈಲೆನ್ಸರ್ ಎಲೆಗಳನ್ನು ಅಂಗಾತ ಮಾಡಿ ಎಸೆದ. ಹತ್ತರ ಜೋಡಿ.

ಹತ್ತು! ಒಂಬತ್ತಕ್ಕಿಂತ ದೊಡ್ಡದು! ಹಿಡಿದಿದ್ದರೆ ಅವನೇ ಮುಂದಿದ್ದ. ಆದರೆ ಇಡೀ ಮಧ್ಯಾಹ್ನ ಅವನು ನೋಡಿದ್ದು ಮತ್ತೆ ಮತ್ತೆ ಎಲೆ ಎಸೆದ ಜೋಡಿಯನ್ನು. ಅಂಥವನು ಎರಡು ತಟ್ಟಿದರೆ ರಾಣಿ ಅವನ ಮನೆಯವಳೇ ಎಂದು ಲೆಕ್ಕ ಹಾಕಿದ್ದ. ಜೋಡಿ ತನ್ನ ಎಲೆಗಳನ್ನು ಕವುಚಿದ ಹಾಗೆಯೇ ಕಟ್ಟಿನೊಳಗೆ ತೂರಿಸಿದ. ಆದರೆ ಅವನ ಬಾಯಿಯಿಂದ ಹೊರಟ ನಿಟ್ಟುಸಿರಿಗೆ ಮೂರು ನಟ್ಟು ಉರುಳಿದವು, ಸೈಲೆನ್ಸರ್ ಅದನ್ನು ನೋಡಿದ. ಅವನಿಗೆ ತಿಳಿದುಹೋಯಿತು. ಮುಖಕ್ಕೆ ರಕ್ತ ನುಗ್ಗಿತು.

ಈಗ ಜೋಡಿಯ ರಾಶಿಯೇ ಸೈಲೆನ್ಸರಿನದಕ್ಕಿಂತ ಒಂದು ಹಿಡಿ ದೊಡ್ಡದಾಗಿತ್ತು. ಮುಂದಿನ ಹಂಚಿಕೆಯಲ್ಲಿ ಅವನಿಗೆ ಬಂದದ್ದು ಏಳರ ಜೋಡಿ. ಫ್ಲಾಪ್: ಗುಲಾಮ, ಐದು, ಎರಡು.

ಮೂರನೇ ಎಲೆ ತಗಡಿಗೆ ತಾಗುವ ಮುಂಚೆಯೇ ಸೈಲೆನ್ಸರ್ ಎರಡು ತಟ್ಟಿದ. ತಗಡು ಕುಳಿ ಬಿತ್ತು.

ಜೋಡಿಯ ಬೆರಳುಗಳು ಎಲೆ ಎಸೆಯಲು ಹೊರಟವು. ಎಸೆಯುವುದೇ ಈ ದಿನದ ಪಾಠ, ಅದರಿಂದಲೇ ಇಲ್ಲಿಯವರೆಗೆ ಬಂದದ್ದು. ಎಸೆದರೂ ಆಟ ಮುಗಿಯುವುದಿಲ್ಲ. ಹಿಡಿದು ಸೋತರೆ ಉಳಿಯುವುದು ಒಂದು ಹಿಡಿ ನಟ್ಟು, ಆಮೇಲೆ ಇನ್ನೊಂದು ವರ್ಷದ ರಾತ್ರಿ ಬಸ್ಸು. ಅವನು ತಡೆದ. ಹತ್ತಿದವನು ಒಬ್ಬ ಗುಲಾಮ ಮಾತ್ರ. ನೆಂಟನಾಗಿದ್ದರೆ ಸೈಲೆನ್ಸರ್ ಅವನನ್ನು ನೋಡಿ, ಕೂರಿಸಿ, ಆಮೇಲೆ ಮಾತಾಡಿಸುತ್ತಿದ್ದ. ಇವನು ಬಾಗಿಲು ತೆರೆಯುವ ಮುಂಚೆಯೇ ತಟ್ಟಿದ್ದಾನೆ. ಹತ್ತರ ಜೋಡಿ ಎಸೆದ ಉರಿ ಇದು.

"ಏನಪ್ಪಾ?" ಎಂದರು ಸಾಹೇಬರು.

ಜೋಡಿ ಬೆನ್ನ ಹಿಂದೆ ನೋಡಲಿಲ್ಲ. "ಹಿಡಿದೆ ಸಾಹೇಬರೇ. ತೋರಿಸಲಿ."

ಸೈಲೆನ್ಸರ್ ತೋರಿಸಿದ. ಎಕ್ಕ ಮತ್ತು ರಾಣಿ. ಕೈಯಲ್ಲಿ ಇನ್ನೂ ಏನೂ ಇಲ್ಲ! ಕೋಣೆಯೇ ಹುಯ್ಯೆಂದಿತು. ಆದರೆ ಇನ್ನೆರಡು ಎಲೆ ಬಾಕಿ. ಎಕ್ಕ ಬಿದ್ದರೂ ಸೈ, ರಾಣಿ ಬಿದ್ದರೂ ಸೈ, ಏಳರ ಜೋಡಿ ಹೆಣವಾಗುತ್ತದೆ.

ನಾಲ್ಕನೆಯದು ಒಂಬತ್ತು. ಯಾರಿಗೂ ಲಾಭವಿಲ್ಲ.

ಐದನೆಯದನ್ನು ಸಾಹೇಬರು ಬೇಕೆಂದೇ ನಿಧಾನವಾಗಿ ಎತ್ತಿದರು. ಅಂಚಿನಲ್ಲಿ ಬಣ್ಣ ಕಂಡಿತು. ಚಿತ್ರದ ಎಲೆ! "ರಾಣಿ! ರಾಣಿ!" ಎಂದು ಕಿಟಕಿ ಕೂಗಿತು. ಸೈಲೆನ್ಸರ್ ಅರ್ಧ ಎದ್ದ. ಜೋಡಿಯ ಭುಜವನ್ನು ಹಿಂದಿನಿಂದ ಯಾರೋ ಹಿಡಿದರು. ಉಗುರು ಚುಚ್ಚಿತು. ಬಿಸ್ಕತ್ತಿನ ವಾಸನೆ.

ಸಾಹೇಬರು ಎಲೆ ಮಗುಚಿದರು. ಮೀಸೆ ಇತ್ತು. ಗುಲಾಮ.

ಏಳರ ಜೋಡಿ ಗೆದ್ದು ನಿಂತಿತು. ಆ ಕೂಗಿಗೆ ಶೆಡ್ಡಿನಲ್ಲಿ ನಿಲ್ಲಿಸಿದ್ದ ಎರಡು ಬಸ್ಸು ತಾವಾಗಿ ಸ್ಟಾರ್ಟ್ ಆದವು ಎಂದು ಈಗಲೂ ಹೇಳುತ್ತಾರೆ. ಅತ್ತೆ ಎಲ್ಲರೆದುರು ಅಳಿಯನ ತಲೆಗೆ ಒಂದು ಮೊಟಕಿದರು.

"ಎರಡು ಯಾಕ್ರೀ ತಟ್ಟಿದ್ದು? ನಾನೇನು ಹೇಳಿದ್ದೆ?"

"ನಾನಲ್ಲ ಅತ್ತೆ, ಕೈ."

"ಆ ಕೈಗೆ ನನ್ನ ಮಗಳನ್ನ ಕೊಟ್ಟೆನಲ್ಲ, ನನಗೆ ಬುದ್ಧಿ ಬೇಡ್ವಾ?"

ಸೈಲೆನ್ಸರ್ ಎದ್ದು ಬಂದು ಜೋಡಿಯ ಮುಂದೆ ನಿಂತ. ಡಿಪೋದಲ್ಲಿ ಅವನು ಆಡಿದ ಮೊದಲ ಮಾತು ಅದು. "ರಾತ್ರಿ ಬಸ್ಸಿಗೆ ಸೆಕೆಂಡ್ ಗೇರ್ ಸ್ವಲ್ಪ ಬಿಗಿ ಅಂತಾರಲ್ಲ. ಹೌದಾ?"

"ಅರ್ಧ ಕ್ಲಚ್ಚು ಒತ್ತಿ, ಅಣ್ಣಾ. ಹೆಣ್ಣು ಮಕ್ಕಳನ್ನ ಮಾತಾಡಿಸಿದಂಗೆ ಮೆಲ್ಲಗೆ."

ಸೈಲೆನ್ಸರ್ ತಲೆಯಾಡಿಸಿ ಟಿಫಿನ್ ಡಬ್ಬಿ ಎತ್ತಿಕೊಂಡು ಹೋದ.

ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅತ್ತೆ ಸಾಹೇಬರ ಜೊತೆ ನಿಯಮದ ಬಗ್ಗೆ ಜಗಳ ಶುರು ಮಾಡಿದ್ದರಿಂದ ಗಂಡ ಹೆಂಡತಿ ಇಬ್ಬರೇ ಗೇಟು ದಾಟಿ ಮನೆಯ ದಾರಿ ಹಿಡಿದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವಳು ಮುಂದೆ, ಇವನು ಹಿಂದೆ. ಇನ್ನಷ್ಟು ದೂರ ಹೋದಾಗ ಅವಳು ಮೂಲೆಯ ಅಂಗಡಿ ತಲುಪಿದ್ದಳು.

"ಏ, ನಿಲ್ಲೇ! ಇಷ್ಟು ಜೋರಾಗಿ ನಡೀತೀಯಾ ನೀನು?"

ಅವಳು ಸೊಂಟದ ಮೇಲೆ ಕೈಯಿಟ್ಟು ತಿರುಗಿ ನಿಂತಳು. "ಯಾವಾಗ್ಲೂ ಹಿಂಗೇ ನಡಿಯೋದು. ನಿಮಗೆ ಗೊತ್ತಿರಲಿಲ್ವಾ?"

"ಯಾರು ಹೇಳಿದ್ರು ನನಗೆ?"

"ಸರಿ, ಬನ್ನಿ ಬನ್ನಿ" ಎಂದು ಅವಳು ನಿಂತೇ ಇದ್ದಳು. ಜೋಡಿ ಏದುಸಿರು ಬಿಡುತ್ತಾ ಓಡಿದ.